ಪರಿಸರ ಬುದ್ಧಿಮತ್ತೆ: ಪರೀಕ್ಷಾ ಟಿಪ್ಪಣಿ

ಮನುಷ್ಯನ ಇರವನ್ನೂ ಚಲನೆಯನ್ನೂ ಸಂವೇದಕಗಳ ಮೂಲಕ ಅರಿತು, ಅವನು ಆಜ್ಞಾಪಿಸುವ ಮೊದಲೇ ತದನುಗುಣವಾಗಿ ವರ್ತಿಸುವ ಸನ್ನಿವೇಶವೇ ಪರಿಸರ ಬುದ್ಧಿಮತ್ತೆ, ಅಂದರೆ ‘ಆಂಬಿಯೆಂಟ್ ಇಂಟೆಲಿಜೆನ್ಸ್’. ಇದರ ಬೀಜರೂಪವನ್ನು ಝೆರಾಕ್ಸ್ ಸಂಶೋಧನಾ ಕೇಂದ್ರದ ಮಾರ್ಕ್ ವೈಸರ್ 1991ರಲ್ಲಿ ಪ್ರತಿಪಾದಿಸಿದನು.

ಬೆಂಗಳೂರಿಗೆ ಬರುವ ವಿದ್ಯಾರ್ಥಿಗೆ ಇದರ ಸಮೀಪದ ನಿದರ್ಶನವು ನಗರದ ವೃತ್ತಗಳಲ್ಲಿಯೇ ದೊರೆಯುವುದು: 2024ರಿಂದ ಸಂಚಾರ ಪೊಲೀಸರು ಅಳವಡಿಸತೊಡಗಿದ ಹೊಂದಾಣಿಕೆಯ ಸಿಗ್ನಲ್ ವ್ಯವಸ್ಥೆಯಲ್ಲಿ ಕ್ಯಾಮೆರಾಗಳು ವಾಹನದಟ್ಟಣೆಯನ್ನು ಗ್ರಹಿಸಲು, ಸಿ-ಡ್ಯಾಕ್ ಸಂಸ್ಥೆ ನಿರ್ಮಿಸಿದ ‘ಕೊಸಿಕಾಸ್ಟ್’ ತಂತ್ರಾಂಶವು ಹಸಿರು ದೀಪದ ಅವಧಿಯನ್ನು ಆಯಾ ಕ್ಷಣದ ಅಗತ್ಯಕ್ಕೆ ತಕ್ಕಂತೆ ಹಿಗ್ಗಿಸುತ್ತಲೂ ಕುಗ್ಗಿಸುತ್ತಲೂ ಇರುವುದು. ಇಂತಹ ಸೌಕರ್ಯವು ಸ್ತುತ್ಯವಾದರೂ, ಸದಾ ತೆರೆದಿರುವ ಯಂತ್ರನೇತ್ರವು ಪ್ರಜೆಯ ಏಕಾಂತವನ್ನು ಹೊಗಬಾರದೆಂಬುದು ಅದಕ್ಕಿಂತ ಗುರುತರವಾದ ವಿಚಾರ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.