ಸ್ಪೀಕರ್ ದೂರ ಅಳೆದೇ ಹಾಕಿ

ಹೋಂ ಥಿಯೇಟರ್ ತಂದ ಖುಷಿಯಲ್ಲಿ ವೈರ್ ಎಳೆದು ಸಿನಿಮಾ ಹಾಕಿಬಿಡುತ್ತೇವೆ. ರಿಸೀವರ್ ಮೆನುವಿನ ‘ಸ್ಪೀಕರ್ ಡಿಸ್ಟೆನ್ಸ್’ ಕಡೆ ಕಣ್ಣೇ ಹಾಯಿಸುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಶಬ್ದಕ್ಕೆ ಒಂದು ಅಡಿ ಸಾಗಲು ಸುಮಾರು 0.9 ಮಿಲಿಸೆಕೆಂಡ್ ಬೇಕು. ಮುಂದಿನ ಸ್ಪೀಕರ್ 10 ಅಡಿ, ಪಕ್ಕದ್ದು 4 ಅಡಿ ದೂರವಿದ್ದರೆ ಪಕ್ಕದ ದನಿ ಸುಮಾರು 5 ಮಿಲಿಸೆಕೆಂಡ್ ಮೊದಲೇ ಕಿವಿಗೆ ಬೀಳುತ್ತದೆ. ಮೊದಲು ಬಂದ ದನಿಯತ್ತಲೇ ಕಿವಿ ವಾಲುತ್ತದೆ. ಸರಿಯಾದ ದೂರ ಕೊಟ್ಟರೆ ರಿಸೀವರ್ ಹತ್ತಿರದ ಸ್ಪೀಕರನ್ನು ಅಷ್ಟು ಹೊತ್ತು ತಡೆದು, ಎಲ್ಲವನ್ನೂ ಒಟ್ಟಿಗೆ ತಲುಪಿಸುತ್ತದೆ.

ನೀವು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಟೇಪ್ ಹಿಡಿದು, ಪ್ರತಿ ಸ್ಪೀಕರ್‌ನ ಮುಂಭಾಗದವರೆಗೆ ನೇರವಾಗಿ ಅಳೆಯಿರಿ. ವೈರಿನ ಉದ್ದ ಇಲ್ಲಿ ಲೆಕ್ಕಕ್ಕಿಲ್ಲ. ರಿಸೀವರ್ ಜೊತೆ ದೂರವನ್ನು ತಾನೇ ಅಳೆಯಲು ಮೈಕ್ ಬಂದಿದ್ದರೆ ಅದನ್ನು ಸೋಫಾ ಮೇಲೆ ಎಸೆಯದೆ, ಕಿವಿಯ ಎತ್ತರಕ್ಕೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಸಬ್‌ವೂಫರ್‌ಗೆ ರಿಸೀವರ್ ಟೇಪಿಗಿಂತ ಹೆಚ್ಚು ದೂರ ತೋರಿಸಿದರೆ ಗಾಬರಿ ಬೇಡ, ತಿದ್ದಲೂ ಬೇಡಿ. ಸಬ್‌ವೂಫರ್ ಒಳಗಿನ ಸರ್ಕ್ಯೂಟಿನಲ್ಲಾಗುವ ತಡವೂ ಆ ಲೆಕ್ಕದಲ್ಲಿ ಸೇರಿರುತ್ತದೆ.

ಸೋಫಾ ಸರಿಸಿದಾಗಲೆಲ್ಲ ಮತ್ತೊಮ್ಮೆ ಅಳೆಯಿರಿ. ಹೊಸ ಸ್ಪೀಕರ್‌ಗೆ ದುಡ್ಡು ಸುರಿಯುವ ಮೊದಲು ಈ ಖರ್ಚಿಲ್ಲದ ಕೆಲಸ ಮಾಡಿ ನೋಡಿ.