ರಿಪೋರ್ಟಿನಲ್ಲಿ ‘ದಟ್ಟ ಸ್ತನ’ ಎಂದಿದೆ, ಇನ್ನೊಂದು ಸ್ಕ್ಯಾನಿಂಗ್ ಬೇಕೇ?

ಪ್ರಶ್ನೆ: ನನಗೆ 46 ವರ್ಷ, ಮುಟ್ಟು ಇನ್ನೂ ನಿಂತಿಲ್ಲ. ವಾರಗಿತ್ತಿಗೆ ಸ್ತನ ಕ್ಯಾನ್ಸರ್ ಬಂದದ್ದು ನೋಡಿ ಹೆದರಿ, ಮೈಸೂರಿಗೆ ಹೋಗಿ ಮ್ಯಾಮೊಗ್ರಾಂ ಮಾಡಿಸಿದೆ. ಗಂಟು ಕಂಡಿಲ್ಲ ಎಂದು ಬರೆದಿದ್ದಾರೆ. ಆದರೆ ಸ್ತನ ದಟ್ಟ, ‘ಸಿ’ ದರ್ಜೆ, ಅಲ್ಟ್ರಾಸೌಂಡ್ ಮಾಡಿಸಿ ಎಂದೂ ಇದೆ. ಬೆಂಗಳೂರಿನಲ್ಲಿರುವ ಮಗಳು ಎಂ.ಆರ್.ಐ.ಯನ್ನೇ ಮಾಡಿಸೋಣ ಅನ್ನುತ್ತಾಳೆ. ‘ಇಲ್ಲ ಅಂದ್ಮೇಲೆ ಮತ್ಯಾಕೆ ದುಡ್ಡು ಸುರೀತೀಯ’ ಅಂತಾರೆ ಯಜಮಾನರು. ದಟ್ಟ ಅಂದರೆ ಕ್ಯಾನ್ಸರಿನ ಶುರುವೇ?
– ಹೆಸರು ಬೇಡ, ಕಿರುಗಾವಲು

ಉತ್ತರ: ಅಲ್ಲ, ಅದು ರೋಗವೇ ಅಲ್ಲ. ಕೊಬ್ಬಿಗಿಂತ ಹಾಲಿನ ಗ್ರಂಥಿ ಮತ್ತು ನಾರಿನಂಶ ಹೆಚ್ಚಿದ್ದರೆ ದಟ್ಟ ಸ್ತನ ಎನ್ನುತ್ತಾರೆ. ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ. ಕೊನೆಯ ಎರಡು ದಟ್ಟ. ಅಮೆರಿಕದಲ್ಲಿ 40 ದಾಟಿದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಎರಡರಲ್ಲೇ ಬರುತ್ತಾರೆ. ಮುಟ್ಟು ನಿಂತ ಮೇಲೆ ದಟ್ಟತೆ ಸಾಮಾನ್ಯವಾಗಿ ಇಳಿಯುತ್ತದೆ.

ಆದರೂ ನಿಮ್ಮ ಯಜಮಾನರ ಮಾತನ್ನು ನಾನು ಒಪ್ಪುವುದಿಲ್ಲ. ಮ್ಯಾಮೊಗ್ರಾಂ ಚಿತ್ರದಲ್ಲಿ ಕೊಬ್ಬು ಕಪ್ಪಗೆ, ಗ್ರಂಥಿ ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರ್ ಗಡ್ಡೆಯೂ ಬೆಳ್ಳಗೇ. ಬಿಳಿಯ ಹಿಂದೆ ಬಿಳಿ ಅಡಗಬಹುದು. ಹಾಗಾಗಿ ‘ಎ’ ದರ್ಜೆಯವರ ರಿಪೋರ್ಟಿನಲ್ಲಿ ‘ಇಲ್ಲ’ ಎಂದಿದ್ದರೆ ಎಷ್ಟು ಧೈರ್ಯವೋ, ನಿಮ್ಮದರಲ್ಲಿ ಅಷ್ಟಿಲ್ಲ. ದಟ್ಟತೆಯಿಂದ ಕ್ಯಾನ್ಸರಿನ ಸಾಧ್ಯತೆಯೂ ತುಸು ಹೆಚ್ಚುತ್ತದೆ.

ಜಪಾನಿನಲ್ಲಿ ನಿಮ್ಮ ವಯಸ್ಸಿನವರ ಮೇಲೆಯೇ, ಅಂದರೆ 40ರಿಂದ 49ರವರ ಮೇಲೆ, ದೊಡ್ಡ ಅಧ್ಯಯನ ನಡೆದಿದೆ. ಬರೀ ಮ್ಯಾಮೊಗ್ರಾಂ ಮಾಡಿದಾಗ 100 ಕ್ಯಾನ್ಸರಿನಲ್ಲಿ 77 ಸಿಕ್ಕರೆ, ಅಲ್ಟ್ರಾಸೌಂಡೂ ಸೇರಿದಾಗ 91 ಸಿಕ್ಕವು. ಅದರ ಜೊತೆಗೆ ಸುಳ್ಳು ಗಾಬರಿಯೂ ಹೆಚ್ಚಿತು: ಏನೂ ಇಲ್ಲದವರನ್ನೂ ಮತ್ತೆ ಕರೆಸಬೇಕಾಯಿತು. ಹೀಗೆ ಅಲ್ಟ್ರಾಸೌಂಡ್ ಸೇರಿಸುವುದರಿಂದ ಸಾವು ತಪ್ಪುತ್ತದೆ ಎಂಬುದಕ್ಕೆ ಪುರಾವೆ ಸಾಲದೆಂದು ಅಮೆರಿಕದ ತಜ್ಞರ ಮಂಡಳಿ 2024ರಲ್ಲಿ ಹೇಳಿದೆ. ಅದೇ ವರ್ಷದ ಸೆಪ್ಟೆಂಬರಿನಿಂದ ಅಲ್ಲಿ ಮ್ಯಾಮೊಗ್ರಾಂ ಮಾಡಿಸಿದ ಪ್ರತಿ ಹೆಂಗಸಿಗೂ ದಟ್ಟತೆಯನ್ನು ತಿಳಿಸುವುದು ಕಡ್ಡಾಯ! ಇದೆಲ್ಲ ತೂಗಿ ನೋಡಿದರೂ ನನ್ನ ಸಲಹೆ, ಅಲ್ಟ್ರಾಸೌಂಡ್ ಮಾಡಿಸಿ. ಅದರಲ್ಲಿ ವಿಕಿರಣವಿಲ್ಲ, ಖರ್ಚೂ ಎಂ.ಆರ್.ಐ.ಗಿಂತ ಬಹಳ ಕಡಿಮೆ. ಬನ್ನೂರಿನ ಮೇಲೆ ಮತ್ತೆ ಮೈಸೂರಿಗೇ ಹೋಗಬೇಕೆಂದೇನಿಲ್ಲ, ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ವಿಚಾರಿಸಿ. ರಿಪೋರ್ಟಿನ ಜೊತೆ ಮ್ಯಾಮೊಗ್ರಾಂ ಫಿಲ್ಮನ್ನೂ ಒಯ್ಯಿರಿ. ಎರಡನ್ನೂ ಹೋಲಿಸಿ ನೋಡಿದರೇ ಉಪಯೋಗ.

ಎಂ.ಆರ್.ಐ. ಸದ್ಯಕ್ಕೆ ಬೇಡ. ನೆದರ್ಲೆಂಡ್ಸಿನ ಅಧ್ಯಯನದಲ್ಲಿ ಅದರಿಂದ ಲಾಭ ಕಂಡದ್ದು ನಿಜ. ಎರಡು ತಪಾಸಣೆಗಳ ನಡುವೆ ತಲೆಯೆತ್ತುವ ಕ್ಯಾನ್ಸರ್ ಸಾವಿರಕ್ಕೆ 5 ಇದ್ದದ್ದು 2.5ಕ್ಕೆ ಇಳಿಯಿತು. ಆದರೆ ಅವರೆಲ್ಲ ‘ಡಿ’ ದರ್ಜೆಯವರು, 50 ದಾಟಿದವರು. ಸಾಲ ಮಾಡಿ ಮಾಡಿಸುವಂಥದ್ದಂತೂ ಅಲ್ಲವೆಂದು ಮಗಳಿಗೆ ಹೇಳಿ.

ವಾರಗಿತ್ತಿಯ ಕಾಯಿಲೆ ನಿಮ್ಮ ರಕ್ತಸಂಬಂಧದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಮ್ಮ ಕಡೆ ಸಂಬಂಧದೊಳಗೇ ಹೆಣ್ಣು ತರುವುದುಂಟು. ಆಕೆ ನಿಮ್ಮ ಸ್ವಂತ ಅಕ್ಕನೋ ಚಿಕ್ಕಮ್ಮನ ಮಗಳೋ ಆಗಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ತಾಯಿ, ಅಕ್ಕತಂಗಿಯರಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ಎಂ.ಆರ್.ಐ. ಮಾತೂ ಬೇರೆಯಾಗುತ್ತದೆ. ತಂದೆಯ ಕಡೆಯ ಸೋದರತ್ತೆಯರನ್ನೂ ಮರೆಯಬೇಡಿ, ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರೇ ಕಡಿಮೆ.

30 ದಾಟಿದ ಹೆಂಗಸರ ಸ್ತನವನ್ನು ಕೈಯಿಂದ ಪರೀಕ್ಷಿಸುವ ಸರ್ಕಾರಿ ಕಾರ್ಯಕ್ರಮವಿದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಅದನ್ನು ಹಗುರವಾಗಿ ಕಾಣಬೇಡಿ. ಮುಂಬಯಿಯ ಟಾಟಾ ಆಸ್ಪತ್ರೆ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿದ ಅಧ್ಯಯನದಲ್ಲಿ, ಇಂಥ ಪರೀಕ್ಷೆಯಿಂದಲೇ 50 ದಾಟಿದವರ ಸಾವು ಶೇ. 30ರಷ್ಟು ತಗ್ಗಿದೆ.

ಅಲ್ಟ್ರಾಸೌಂಡಿನಲ್ಲೂ ಏನೂ ಕಾಣದಿರಬಹುದು. ಆಮೇಲೆ ಯಾವತ್ತಾದರೂ ಗಂಟು ಕೈಗೆ ಸಿಕ್ಕರೆ, ತೊಟ್ಟಿನಿಂದ ರಕ್ತ ಬಂದರೆ, ಚರ್ಮ ಒಳಗೆ ಎಳೆದುಕೊಂಡರೆ, ನೋವಿಲ್ಲವೆಂದು ಬಿಡದೆ ಆ ವಾರವೇ ಡಾಕ್ಟರಿಗೆ ತೋರಿಸಿ. ಹಳೆಯ ರಿಪೋರ್ಟ್ ನಂಬಿ ಕೂರಬೇಡಿ.