ಬಾಗಿಲ ಕಂಬದ ಚೀಟಿ ಓದಿ

ಅಮೆರಿಕದಲ್ಲಿದ್ದುಕೊಂಡು ಮನೆಮಂದಿಯ ಕಾಡುಮೇಡಿನ ಓಡಾಟಕ್ಕೆ ಎಸ್‌ಯುವಿ ಸಜ್ಜುಗೊಳಿಸುವವರೇ, ಸಾಮಾನು ಕೊಳ್ಳುವ ಮೊದಲು ಚಾಲಕನ ಬಾಗಿಲು ತೆರೆದು ಕಂಬದ ಮೇಲಿನ ಚೀಟಿ ನೋಡಿ. ಜನ ಮತ್ತು ಸರಕು ಸೇರಿ ಇಷ್ಟು ತೂಕ ಮೀರಬಾರದು ಎಂದು ಅಲ್ಲಿ ಬರೆದಿರುತ್ತದೆ. ಬಹುಮಂದಿ ಅದನ್ನು ಬರೀ ಸಾಮಾನಿನ ಲೆಕ್ಕವೆಂದುಕೊಳ್ಳುತ್ತಾರೆ, ತಪ್ಪಾಗುವುದು ಇಲ್ಲೇ. ಚೀಟಿಯಲ್ಲಿ 500 ಕೆಜಿ ಇದೆಯೆನ್ನಿ. ಐದು ಜನ ಕೂತರೆ 350 ಹೋಯಿತು. ಉಳಿದ 150ರಲ್ಲಿ ಉಕ್ಕಿನ ಬಂಪರ್, ವಿಂಚ್, ಚಾವಣಿಯ ರ್‍ಯಾಕ್, ಅದರ ಮೇಲಿನ ಡೇರೆ ಎಲ್ಲ ಹಿಡಿಯಬೇಕು. ಇವಿಷ್ಟೇ ಸುಲಭವಾಗಿ 180 ದಾಟುತ್ತವೆ. ಕುಡಿಯುವ ನೀರು ಇನ್ನೂ ಹತ್ತಿಲ್ಲ, ಅದೋ ಲೀಟರಿಗೊಂದು ಕೆಜಿ!

‘ನಮ್ಮ ಗಾಡಿ ಮೂರು ಟನ್ ಎಳೆಯುತ್ತದಲ್ಲ’ ಎನ್ನಬಹುದು. ಎಳೆಯುವುದು ಬೇರೆ, ಹೊರುವುದು ಬೇರೆ. ಮೇಲಾಗಿ ಟ್ರೇಲರ್ ಕೊಂಡಿಯ ಮೇಲೆ ಒತ್ತುವ ಭಾರವೂ, ಅಂದರೆ ಟ್ರೇಲರ್ ತೂಕದ ಸುಮಾರು ಶೇ. 10ರಿಂದ 15, ಇದೇ ಲೆಕ್ಕಕ್ಕೆ ಸೇರುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದೇವೆ, ಹಿಂಭಾಗ ಕುಸಿಯುವುದಿಲ್ಲ ಎಂಬುದು ಇನ್ನೊಂದು ಸಮಾಧಾನ. ಸ್ಪ್ರಿಂಗ್ ಗಾಡಿಯನ್ನು ಎತ್ತಿ ನಿಲ್ಲಿಸೀತು. ಬ್ರೇಕು, ಆಕ್ಸಲ್, ಬೇರಿಂಗ್ ಹಳೆಯವೇ. ಕುಸಿತ ಕಾಣದಿದ್ದರೆ ಎಚ್ಚರಿಕೆಯೂ ತಪ್ಪಿಹೋಗುತ್ತದೆ. ತಯಾರಕರು ಸುರಕ್ಷತೆಗೆಂದು ಒಂದಿಷ್ಟು ಅಂತರ ಬಿಟ್ಟಿರುತ್ತಾರೆ, ನಿಜ. ಆದರೆ ಅದು ಹಳ್ಳಕೊಳ್ಳದ ಹೊಡೆತಕ್ಕೆ, ಇಳಿಜಾರಿನಲ್ಲಿ ಕಾದ ಬ್ರೇಕಿಗೆ; ನಿಮ್ಮ ಫ್ರಿಜ್ಜಿಗಲ್ಲ. ಹೊರಡುವ ಮೊದಲು ಎಲ್ಲರೂ ಕೂತು, ಸಾಮಾನು ತುಂಬಿ, ಹೆದ್ದಾರಿಯ ಟ್ರಕ್ ನಿಲ್ದಾಣದಲ್ಲಿ ಒಮ್ಮೆ ತೂಗಿಸಿ ನೋಡಿ.